ಪೋಲೆಂಡ್ ಪೌರತ್ವ: ಮುತ್ತಜ್ಜನಿಂದ ನಿಮ್ಮವರೆಗೆ ಕೊಂಡಿ ಕಳಚಿಲ್ಲವೆಂದು ಸಾಬೀತುಪಡಿಸುವ ಬಗೆ

"ನಮ್ಮ ಮುತ್ತಜ್ಜ ಪೋಲೆಂಡಿನವರು, ನಮಗೆ ಪೌರತ್ವ ಕೊಡುತ್ತಾರಾ?" ಎಂದು ಕೇಳುವವರು ಮೊದಲು ಒಂದು ವಿಷಯ ತಿಳಿದುಕೊಳ್ಳಬೇಕು. ಈ ದಾರಿಯಲ್ಲಿ ಪೋಲೆಂಡ್ ಯಾರಿಗೂ ಹೊಸದಾಗಿ ಪೌರತ್ವ ಕೊಡುವುದಿಲ್ಲ. ಮುತ್ತಜ್ಜನ ಪೌರತ್ವ ಅವರ ಮಗನಿಗೆ, ಮಗನಿಂದ ಮೊಮ್ಮಗಳಿಗೆ, ಅವಳಿಂದ ನಿಮಗೆ ಹುಟ್ಟಿನಿಂದಲೇ ಬಂದಿದೆಯೇ ಎಂದು ಅಧಿಕಾರಿ ಕಡತ ನೋಡಿ ತೀರ್ಮಾನಿಸುತ್ತಾರೆ. ಬಂದಿದ್ದರೆ "ಹೌದು, ಇವರು ಪೋಲೆಂಡ್ ಪ್ರಜೆ" ಎಂದು ಆದೇಶ ಹೊರಡುತ್ತದೆ. ಇದನ್ನು ಪೌರತ್ವದ ದೃಢೀಕರಣ ಅನ್ನುತ್ತಾರೆ. ಇದಕ್ಕೆ ಪೋಲಿಷ್ ಭಾಷೆಯ ಪರೀಕ್ಷೆ ಇಲ್ಲ, ಅಲ್ಲಿ ವಾಸಿಸಿರಬೇಕೆಂಬ ಷರತ್ತಿಲ್ಲ, ಎಷ್ಟನೇ ತಲೆಮಾರು ಎಂಬ ಮಿತಿಯೂ ಇಲ್ಲ. ಆದರೆ ನಡುವೆ ಒಂದೇ ಒಂದು ಕೊಂಡಿ ಕಳಚಿದ್ದರೂ ಅದರ ಕೆಳಗಿನವರಿಗೆ ಏನೂ ದಾಟುವುದಿಲ್ಲ.

ಆದ್ದರಿಂದ ಕೆಲಸದ ಕ್ರಮ ಬಹಳ ಮುಖ್ಯ. ಹೆಚ್ಚಿನವರು ಮೊದಲೇ ಹಣ ಕೊಟ್ಟು ಪೋಲೆಂಡಿನಿಂದ ಜನನ ಪತ್ರ ತರಿಸುತ್ತಾರೆ, ಭಾಷಾಂತರ ಮಾಡಿಸುತ್ತಾರೆ, ಆಮೇಲೆ ಅಜ್ಜಿ 1949ರಲ್ಲೇ ಬೇರೆ ದೇಶದ ಪೌರತ್ವ ಪಡೆದಿದ್ದರು ಎಂದು ಗೊತ್ತಾಗುತ್ತದೆ. ಕೊಂಡಿ ಎಲ್ಲಿ ಕಳಚಿರಬಹುದು ಎಂದು ಮನೆಯಲ್ಲೇ ಕೂತು ನೋಡಿ, ಆಮೇಲೆ ಖರ್ಚಿಗೆ ಇಳಿಯಿರಿ.

ಒಂದು ಹಾಳೆ, ನಾಲ್ಕು ದಿನಾಂಕ

ದೊಡ್ಡ ಹಾಳೆಯೊಂದರಲ್ಲಿ ವಂಶಾವಳಿ ಬರೆಯಿರಿ. ಪೋಲೆಂಡ್ ಬಿಟ್ಟು ಹೊರಟವರು ಮೇಲೆ, ನೀವು ಕೆಳಗೆ. ಪ್ರತಿಯೊಬ್ಬರ ಹೆಸರಿನ ಪಕ್ಕದಲ್ಲಿ ಹುಟ್ಟಿದ ದಿನ ಮತ್ತು ಊರು, ಮದುವೆಯ ದಿನ, ದೇಶ ಬಿಟ್ಟ ವರ್ಷ, ಬೇರೆ ದೇಶದ ಪೌರತ್ವ ಪಡೆದ ದಿನ, ಸೇನೆಯಲ್ಲಿ ಅಥವಾ ಸರ್ಕಾರಿ ಕೆಲಸದಲ್ಲಿ ಇದ್ದ ಅವಧಿ ಇಷ್ಟನ್ನೂ ಬರೆಯಿರಿ. ಗೊತ್ತಿಲ್ಲದ ಕಡೆ ಖಾಲಿ ಬಿಡಿ, ಊಹೆಯಿಂದ ತುಂಬಬೇಡಿ. ನಂತರ ಅದೇ ಹಾಳೆಗೆ ಅಡ್ಡಲಾಗಿ ನಾಲ್ಕು ಗೆರೆ ಎಳೆಯಿರಿ.

ಮೊದಲ ಗೆರೆ 1920ರ ಜನವರಿ 31. ಪೋಲೆಂಡ್ 1918ರ ನವೆಂಬರಿನಲ್ಲಿ ಸ್ವತಂತ್ರವಾದರೂ ಅದರ ಮೊದಲ ಪೌರತ್ವ ಕಾಯ್ದೆ ಜಾರಿಗೆ ಬಂದದ್ದು ಈ ದಿನ. ಎರಡನೆಯದು 1951ರ ಜನವರಿ 19, ಎರಡನೇ ಕಾಯ್ದೆ ಜಾರಿಯಾದ ದಿನ. ತಾಯಿಯ ಕಡೆಯಿಂದ ಬರುವವರ ಭವಿಷ್ಯವೆಲ್ಲ ಈ ಗೆರೆಯ ಮೇಲೆ ನಿಂತಿದೆ. ಮೂರನೆಯದು 1962ರ ಆಗಸ್ಟ್ 22, ಮೂರನೇ ಕಾಯ್ದೆ ಜಾರಿಯಾದ ದಿನ. ನಾಲ್ಕನೆಯದು 2012ರ ಆಗಸ್ಟ್ 15, ಈಗಿನ ಕಾಯ್ದೆ ಜಾರಿಗೆ ಬಂದ ದಿನ. ಒಬ್ಬೊಬ್ಬರ ಜೀವನದ ಘಟನೆಯನ್ನು ಆ ದಿನ ಜಾರಿಯಲ್ಲಿದ್ದ ಕಾನೂನಿನಿಂದಲೇ ಅಳೆಯಬೇಕು. 1935ರ ಘಟನೆಗೆ ಇಂದಿನ ಕಾನೂನು ಅನ್ವಯಿಸುವುದಿಲ್ಲ. ಅರ್ಜಿದಾರರು ಎಡವುವುದು ಹೆಚ್ಚಾಗಿ ಇಲ್ಲೇ.

ಕೊಂಡಿ ಕಳಚುವ ಜಾಗಗಳು

1920ರ ಗೆರೆಗಿಂತ ಮುಂಚೆ ದೇಶ ಬಿಟ್ಟವರಿಗೆ ಅವಕಾಶವೇ ಇಲ್ಲ ಎಂಬ ಮಾತು ಎಲ್ಲೆಡೆ ಹರಿದಾಡುತ್ತದೆ. ಅದು ಪೂರ್ತಿ ನಿಜವಲ್ಲ. ಸ್ವತಂತ್ರವಾಗುವವರೆಗೆ ಆ ನೆಲ ರಷ್ಯಾ, ಆಸ್ಟ್ರಿಯಾ, ಪ್ರಷ್ಯಾ ಮೂವರ ಕೈಯಲ್ಲಿ ಹಂಚಿಹೋಗಿತ್ತು. 1920ರ ಕಾಯ್ದೆ ಮೂರು ಭಾಗಕ್ಕೂ ಬೇರೆ ಬೇರೆ ಅಳತೆಗೋಲು ಇಟ್ಟಿತು. ರಷ್ಯಾದ ಕೈಯಲ್ಲಿದ್ದ ಪೋಲೆಂಡ್ ರಾಜ್ಯದವರಾದರೆ ಅಲ್ಲಿನ ಖಾಯಂ ನಿವಾಸಿಗಳ ಪುಸ್ತಕದಲ್ಲಿ ಹೆಸರಿರಬೇಕು, ಇಲ್ಲವೇ ಹೆಸರು ಇರುವ ಹಕ್ಕಿರಬೇಕು. ಆಸ್ಟ್ರಿಯಾದ ಗಲೀಷಿಯಾದವರಾದರೆ ಯಾವುದಾದರೊಂದು ಗ್ರಾಮ ಅಥವಾ ಪಟ್ಟಣಕ್ಕೆ ಸೇರಿದವರೆಂಬ ಊರಹಕ್ಕು ಇರಬೇಕು. ಪ್ರಷ್ಯಾ ಭಾಗದವರಿಗೆ ಅಲ್ಲಿನ ಪೌರತ್ವದ ಜೊತೆ 1908ರ ಜನವರಿ 1ಕ್ಕೂ ಮುಂಚಿನಿಂದ ಆ ನೆಲದಲ್ಲಿ ಖಾಯಂ ವಾಸವಿತ್ತು ಎಂಬುದನ್ನು ತೋರಿಸಬೇಕು. ಮೂರಕ್ಕೂ ಸಮಾನವಾದ ಷರತ್ತು ಒಂದೇ: ಆ ವ್ಯಕ್ತಿ 1920ರ ಜನವರಿ 31ರ ಹೊತ್ತಿಗೆ ಬೇರೆ ದೇಶದ ಪ್ರಜೆಯಾಗಿರಬಾರದು. 1910ರಲ್ಲಿ ಹಡಗು ಹತ್ತಿದವರಿಗೂ ದಾರಿ ಇದೆ, ಆದರೆ ದಾಖಲೆ ಸಿಗುವುದು ಕಷ್ಟ.

ಎರಡನೇ ಜಾಗ ಬೇರೆ ದೇಶದ ಪೌರತ್ವ. 1920ರ ಕಾಯ್ದೆಯ ಪ್ರಕಾರ ಬೇರೆ ದೇಶದ ಪೌರತ್ವ ಪಡೆದವರು ಪೋಲೆಂಡಿನದನ್ನು ಕಳೆದುಕೊಳ್ಳುತ್ತಿದ್ದರು. ಆದರೆ ಅದೇ ಕಾಯ್ದೆಯ 11ನೇ ಕಲಂನಲ್ಲಿ ಒಂದು ವಿನಾಯಿತಿ ಇದೆ. ಸಾವಿರಾರು ಕುಟುಂಬಗಳನ್ನು ಉಳಿಸಿರುವುದು ಅದೇ. ಕಡ್ಡಾಯ ಸೇನಾ ಸೇವೆಗೆ ಬಾಧ್ಯರಾದ ಗಂಡಸು ಆ ಬಾಧ್ಯತೆಯಿಂದ ಬಿಡುಗಡೆ ಪಡೆಯದೆ ಬೇರೆ ದೇಶದ ಪೌರತ್ವ ಪಡೆದರೆ, ಪೋಲೆಂಡ್ ಅವನನ್ನು ತನ್ನ ಪ್ರಜೆಯೆಂದೇ ಪರಿಗಣಿಸುತ್ತದೆ. ಸೇನೆಯಿಂದ ತಪ್ಪಿಸಿಕೊಳ್ಳಲು ಪೌರತ್ವ ಬದಲಿಸುವವರನ್ನು ತಡೆಯಲು ಮಾಡಿದ ನಿಯಮ ಇಂದು ಅವರ ಮೊಮ್ಮಕ್ಕಳಿಗೆ ವರವಾಗಿದೆ. ಈ ರಕ್ಷಣೆ ಸಾಮಾನ್ಯವಾಗಿ 50 ವಯಸ್ಸಿನವರೆಗೆ. 50ಕ್ಕೆ ಹತ್ತಿರದ ವಯಸ್ಸಿನಲ್ಲಿ ಹೊಸ ದೇಶದ ಪೌರತ್ವದ ಪ್ರಮಾಣ ಸ್ವೀಕರಿಸಿದ್ದರೆ ಹುಟ್ಟಿದ ದಿನ, ಪ್ರಮಾಣದ ದಿನ ಎರಡನ್ನೂ ಮೂಲ ದಾಖಲೆಯಿಂದಲೇ ತೆಗೆದು ಲೆಕ್ಕ ಹಾಕಿ.

ಹೆಂಗಸರಿಗೆ ಈ ರಕ್ಷಣೆ ಇರಲಿಲ್ಲ. 1951ಕ್ಕೆ ಮುಂಚೆ ಬೇರೆ ದೇಶದ ಪೌರತ್ವ ಪಡೆದ ಹೆಣ್ಣುಮಗಳು ಆ ದಿನವೇ ಪೋಲೆಂಡಿನ ಪೌರತ್ವ ಕಳೆದುಕೊಂಡಳು. ವಿದೇಶಿಯನ್ನು ಮದುವೆಯಾದಾಗ ಗಂಡನ ದೇಶದ ಕಾನೂನು ಅವಳನ್ನು ತಾನಾಗಿಯೇ ಪ್ರಜೆ ಮಾಡಿಕೊಂಡಿದ್ದರೂ ಅದೇ ಗತಿ. ಇಲ್ಲಿ ಗಂಡನ ದೇಶದ ಕಾನೂನನ್ನೂ ನೋಡಬೇಕು: ಅಮೆರಿಕದಲ್ಲಿ 1922ರ ಸೆಪ್ಟೆಂಬರ್ 22ರ ನಂತರ ಮದುವೆಯಾದ ಮಾತ್ರಕ್ಕೆ ಹೆಂಡತಿ ಪ್ರಜೆಯಾಗುತ್ತಿರಲಿಲ್ಲ.

ಮೂರನೇ ಜಾಗ ತಾಯಿಯ ಕಡೆಯ ಕೊಂಡಿ. 1951ರ ಜನವರಿ 19ಕ್ಕೆ ಮುಂಚೆ, ಮದುವೆಯಾದ ದಂಪತಿಯ ಮಗುವಿಗೆ ತಂದೆಯ ಪೌರತ್ವ ಬರುತ್ತಿತ್ತು. ಮದುವೆಯಾಗದ ತಾಯಿಯ ಮಗುವಿಗೆ ತಾಯಿಯದು. ಅಂದರೆ ತಾಯಿ ಪೋಲಿಷ್, ತಂದೆ ವಿದೇಶಿ, ಮಗು ಹುಟ್ಟಿದ್ದು 1950ರ ಡಿಸೆಂಬರ್ ಆಗಿದ್ದರೆ ಮಗುವಿಗೆ ಏನೂ ಬರಲಿಲ್ಲ. ಅದೇ ದಂಪತಿಯ ಎರಡನೇ ಮಗು 1952ರಲ್ಲಿ ಹುಟ್ಟಿದ್ದರೆ, ತಾಯಿ ಆಗಲೂ ಪ್ರಜೆಯಾಗಿ ಉಳಿದಿದ್ದರೆ, ಅದಕ್ಕೆ ಬಂತು. ಒಡಹುಟ್ಟಿದವರಲ್ಲಿ ಒಬ್ಬರಿಗೆ ಉಂಟು, ಒಬ್ಬರಿಗೆ ಇಲ್ಲ. ಅನ್ಯಾಯ ಅನ್ನಿಸುತ್ತದೆ, ನಿಜ. ಆದರೆ ಅಧಿಕಾರಿ ಆ ದಿನದ ಕಾನೂನನ್ನು ಮಾತ್ರ ನೋಡುತ್ತಾರೆ.

ಗಲೀಷಿಯಾದ ಯಹೂದಿ ಕುಟುಂಬಗಳಲ್ಲಿ ಇದಕ್ಕೆ ಒಂದು ಒಳದಾರಿ ಇದೆ. ಅನೇಕ ದಂಪತಿಗಳು ಧಾರ್ಮಿಕವಾಗಿ ಮಾತ್ರ ಮದುವೆಯಾಗಿ, ಸರ್ಕಾರಿ ನೋಂದಣಿ ಮಾಡಿಸಿರಲಿಲ್ಲ. ಕಾನೂನಿನ ದೃಷ್ಟಿಯಲ್ಲಿ ಅವರ ಮಕ್ಕಳು ಮದುವೆಯ ಹೊರಗೆ ಹುಟ್ಟಿದವರು. ಹಾಗಾಗಿ ತಾಯಿಯ ಪೌರತ್ವವೇ ಅವರಿಗೆ ದಾಟಿತು. ಜನನ ದಾಖಲೆಯ ತಂದೆಯ ಕಾಲಂ ಖಾಲಿ ಇದ್ದರೆ ಗಾಬರಿಯಾಗಬೇಡಿ, ಅದು ನಿಮ್ಮ ಪರವಾಗಿಯೂ ಇರಬಹುದು.

ನಾಲ್ಕನೆಯದು ಸೇನೆ ಮತ್ತು ಸರ್ಕಾರಿ ಹುದ್ದೆ. 1951ಕ್ಕೆ ಮುಂಚೆ ಪೋಲೆಂಡಿನ ಒಪ್ಪಿಗೆ ಇಲ್ಲದೆ ಬೇರೆ ದೇಶದ ಸೇನೆಗೆ ಸೇರಿದರೆ ಅಥವಾ ಅಲ್ಲಿನ ಸಾರ್ವಜನಿಕ ಹುದ್ದೆ ಹಿಡಿದರೆ ಪೌರತ್ವ ಹೋಗುತ್ತಿತ್ತು. ಇಸ್ರೇಲಿಗೆ ಹೋದ ಕುಟುಂಬಗಳ ಅರ್ಜಿಗಳು ತಿರಸ್ಕೃತವಾಗಲು ಇದು ದೊಡ್ಡ ಕಾರಣ. ತಾನಾಗಿ ಸೇರಿದ್ದೋ, ಕಡ್ಡಾಯವಾಗಿ ಸೇರಿಸಿಕೊಂಡದ್ದೋ, ಯುದ್ಧಕಾಲದ ಮಿತ್ರರಾಷ್ಟ್ರದ ಸೇನೆಯೋ ಎಂಬುದರ ಮೇಲೆ ವಾದ ಬದಲಾಗುತ್ತದೆ. ವಕೀಲರಿಗೆ ಹಣ ಕೊಡುವುದಿದ್ದರೆ ಇಂಥ ಜಾಗದಲ್ಲಿ ಕೊಡಿ, ಅರ್ಜಿ ನಮೂನೆ ತುಂಬಿಸುವುದಕ್ಕಲ್ಲ.

1951ರ ಗೆರೆ ದಾಟಿದ ಮೇಲೆ ಉಸಿರಾಡಬಹುದು. ಪೋಲೆಂಡಿನ ಅನುಮತಿ ಇಲ್ಲದೆ ಬೇರೆ ಪೌರತ್ವ ಪಡೆದರೆ ಅಲ್ಲಿಂದಾಚೆಗೆ ನಷ್ಟವಿಲ್ಲ. ಆದರೆ 1951ರ ಕಾಯ್ದೆಯೇ ಇನ್ನೊಂದು ಬಾಗಿಲು ಮುಚ್ಚಿತು. 1939ರ ಆಗಸ್ಟ್ 31ರಂದು ಪೋಲೆಂಡ್ ಪ್ರಜೆಯಾಗಿದ್ದು ಆಮೇಲೆ ವಿದೇಶದಲ್ಲಿ ನೆಲೆಸಿದ್ದ ಜನಾಂಗೀಯ ಉಕ್ರೇನಿಯನ್, ಬೆಲರೂಸಿಯನ್, ರಷ್ಯನ್, ಲಿಥುವೇನಿಯನ್, ಜರ್ಮನ್ ಮೊದಲಾದವರನ್ನು ಅದು ಸಾಮಾನ್ಯವಾಗಿ ಹೊರಗಿಟ್ಟಿತು. ಪೂರ್ವ ಗಲೀಷಿಯಾದಿಂದ ಕೆನಡಾಕ್ಕೆ ಹೋದ ಉಕ್ರೇನಿಯನ್ ಮನೆತನಗಳು ಇದನ್ನು ಗಮನಿಸಲೇಬೇಕು. ಇನ್ನು 1968ರ ಸುಮಾರಿಗೆ, "ಇವರು ಪೋಲೆಂಡ್ ಪ್ರಜೆಯಲ್ಲ" ಎಂಬ ಬರಹವಿದ್ದ ಪ್ರಯಾಣ ಪತ್ರ ಹಿಡಿದು ದೇಶ ಬಿಟ್ಟ ಯಹೂದಿಗಳ ಮಕ್ಕಳು ಆ ಬರಹ ನೋಡಿ ಕೈಬಿಡಬೇಡಿ. ಅದರಿಂದ ಪೌರತ್ವ ಹೋಗಲಿಲ್ಲವೆಂದು ಅಲ್ಲಿನ ನ್ಯಾಯಾಲಯಗಳು ಹೇಳಿವೆ.

ಒಂದು ಉದಾಹರಣೆ ಬಿಡಿಸಿ ನೋಡೋಣ

ಗಲೀಷಿಯಾದ ತಾರ್ನುಫ್ ಬಳಿಯ ಹಳ್ಳಿಯಲ್ಲಿ 1897ರಲ್ಲಿ ಹುಟ್ಟಿದ ಒಬ್ಬ ಗಂಡಸು 1913ರಲ್ಲಿ ಷಿಕಾಗೋಗೆ ಹೋದ ಎಂದಿಟ್ಟುಕೊಳ್ಳಿ. ಅಲ್ಲೇ ಮದುವೆ, 1926ರಲ್ಲಿ ಮಗಳು, 1929ರಲ್ಲಿ ಅಮೆರಿಕದ ಪೌರತ್ವ. ಮಗಳ ಮದುವೆ 1953ರಲ್ಲಿ, ಅವಳ ಮಗ ಹುಟ್ಟಿದ್ದು 1955ರಲ್ಲಿ. ಅರ್ಜಿ ಹಾಕುವವನು ಆ ಮಗ.

1920ರ ಗೆರೆಯ ಹೊತ್ತಿಗೆ ಈತ ಅಮೆರಿಕದ ಪ್ರಜೆಯಾಗಿರಲಿಲ್ಲ. ಹಳ್ಳಿಯ ಊರಹಕ್ಕು ಅವನ ತಂದೆಯ ಮೂಲಕ ಇತ್ತು, ಹಾಗಾಗಿ ಪೋಲೆಂಡ್ ಪ್ರಜೆಯಾದ. 1926ರಲ್ಲಿ ಮಗಳಿಗೆ ತಂದೆಯ ಪೌರತ್ವ ಬಂತು. 1929ರಲ್ಲಿ ಅವನಿಗೆ 32 ವರ್ಷ. ಸೇನಾ ಬಾಧ್ಯತೆ ಇದ್ದುದರಿಂದ ಪೌರತ್ವ ಹೋಗಲಿಲ್ಲ, ಅವನದು ಹೋಗದಿದ್ದರಿಂದ ಮೂರು ವರ್ಷದ ಮಗಳದೂ ಹೋಗಲಿಲ್ಲ. 1955ರ ಮಗನಿಗೆ ತಾಯಿಯಿಂದ ಬಂತು, ಆ ಹೊತ್ತಿಗೆ 1951ರ ಕಾಯ್ದೆ ಇತ್ತು. ಕೊಂಡಿ ಗಟ್ಟಿ.

ಈಗ ಒಂದೊಂದನ್ನೇ ಬದಲಿಸಿ. ಅಮೆರಿಕದ ಪೌರತ್ವ 1919ರಲ್ಲಿ ಆಗಿದ್ದರೆ ಬುಡದಲ್ಲೇ ಮುಗಿಯಿತು. ಮೊಮ್ಮಗ ಹುಟ್ಟಿದ್ದು 1950ರಲ್ಲಾಗಿದ್ದು ಅವನ ತಂದೆ ವಿದೇಶಿಯಾಗಿದ್ದರೆ ತಾಯಿಯಿಂದ ದಾಟುವುದಿಲ್ಲ. ಅಜ್ಜ 1948ರಲ್ಲಿ, 51ನೇ ವಯಸ್ಸಿನಲ್ಲಿ ಅಮೆರಿಕದ ಪ್ರಜೆಯಾಗಿದ್ದರೆ ಅವನದು ಹೋಯಿತು, ಆದರೆ 22 ವರ್ಷದ ಮಗಳದು ಹೋಗಲಿಲ್ಲ. ತಂದೆಯ ಜೊತೆ ಕಳೆದುಕೊಳ್ಳುತ್ತಿದ್ದವರು 18ಕ್ಕಿಂತ ಕಿರಿಯ ಮಕ್ಕಳು ಮಾತ್ರ. ನಿಮ್ಮ ಹಾಳೆಯನ್ನೂ ಹೀಗೆಯೇ, ಒಂದೊಂದು ದಿನಾಂಕ ಹಿಡಿದು ಕೇಳುತ್ತಾ ಹೋಗಿ.

ದಾಖಲೆ: ಯಾವುದು ಬೇಕು, ಎಲ್ಲಿ ಸಿಗುತ್ತದೆ

ಎರಡು ಕಂತೆ ಬೇಕು. ಒಂದು, ಮೂಲಪುರುಷ ಪೋಲೆಂಡ್ ಪ್ರಜೆಯಾಗಿದ್ದ ಎಂಬುದಕ್ಕೆ. ಇನ್ನೊಂದು, ಅವನಿಂದ ನಿಮ್ಮವರೆಗಿನ ಪ್ರತಿ ಜನನ, ಪ್ರತಿ ಮದುವೆ, ಪ್ರತಿ ಪೌರತ್ವ ಬದಲಾವಣೆಗೆ.

ಪೋಲೆಂಡಿನಲ್ಲಿ ಹುಟ್ಟಿದ ಪ್ರಮಾಣಪತ್ರ ಪೌರತ್ವದ ಪುರಾವೆಯಲ್ಲ. ಆ ನೆಲದಲ್ಲಿ ಹುಟ್ಟಿದ ಮಾತ್ರಕ್ಕೆ ಪೌರತ್ವ ಬರುತ್ತಿರಲಿಲ್ಲ. ಕೇವಲ ಜನನ ಪತ್ರ ಇಟ್ಟು ಅರ್ಜಿ ಹಾಕಿದರೆ ಹೆಚ್ಚಿನ ದಾಖಲೆ ಕೇಳಿ ಪತ್ರ ಬರುವುದು ಖಚಿತ. ಗಟ್ಟಿ ಪುರಾವೆ ಎಂದರೆ 1920ರಿಂದ 1939ರ ನಡುವಿನ ಪೋಲಿಷ್ ಪಾಸ್‌ಪೋರ್ಟ್, ಗುರುತಿನ ಚೀಟಿ, ಸೇನಾ ಪುಸ್ತಕ, ನಿವಾಸಿಗಳ ನೋಂದಣಿಯಲ್ಲಿ ಪೌರತ್ವ ಬರೆದಿರುವ ಪುಟ. ಮನೆಯ ಹಳೆಯ ಪೆಟ್ಟಿಗೆ ಮೊದಲು ತೆಗೆಯಿರಿ. ಅಜ್ಜಿಯ ಸೀರೆ ಗಂಟಿನಲ್ಲಿ ಮನೆಪತ್ರ ಇರುವ ಹಾಗೆ, ಅಲ್ಲಿನ ಅಜ್ಜಿಯರೂ ಹಳೆಯ ಪಾಸ್‌ಪೋರ್ಟುಗಳನ್ನು ಬಟ್ಟೆಯಲ್ಲಿ ಸುತ್ತಿ ಇಟ್ಟಿರುತ್ತಾರೆ.

ಪೋಲೆಂಡಿನಲ್ಲಿ ಜನನ ದಾಖಲೆ 100 ವರ್ಷ, ಮದುವೆ ಮತ್ತು ಮರಣ ದಾಖಲೆ 80 ವರ್ಷ ಸ್ಥಳೀಯ ನಾಗರಿಕ ನೋಂದಣಿ ಕಚೇರಿಯಲ್ಲಿರುತ್ತವೆ. ಆಮೇಲೆ ರಾಜ್ಯ ಪತ್ರಾಗಾರಕ್ಕೆ ಹೋಗುತ್ತವೆ. ಪತ್ರಾಗಾರಗಳ ಸರ್ಕಾರಿ ಜಾಲತಾಣದ ಹೆಸರು ಷುಕಾಯ್ ವ್ ಅರ್ಖಿವಾಖ್. ಅನೇಕ ಪುಸ್ತಕಗಳ ಪುಟಗಳನ್ನೇ ಅಲ್ಲಿ ಉಚಿತವಾಗಿ ನೋಡಬಹುದು. ಹೆಸರು ಕೊಟ್ಟು ಹುಡುಕಲು ಗೆನೆತೇಕಾ ಎಂಬ ಸೂಚಿ ಒಳ್ಳೆಯದು. ಯಹೂದಿ ಮನೆತನಗಳಿಗೆ ಜೆಆರ್‌ಐ-ಪೋಲೆಂಡ್ ಇದೆ. ಸೇನಾ ಕಡತಗಳಿಗೆ ವಾರ್ಸಾದ ಕೇಂದ್ರ ಸೇನಾ ಪತ್ರಾಗಾರಕ್ಕೆ ಬರೆಯಿರಿ.

ಕ್ರೆಸಿ ಎನ್ನುವ ಪೂರ್ವದ ನೆಲ, ಅಂದರೆ ಇಂದಿನ ಉಕ್ರೇನ್, ಬೆಲರೂಸ್, ಲಿಥುವೇನಿಯಾಗೆ ಸೇರಿದ ಊರುಗಳದ್ದು ಬೇರೆ ಕಥೆ. ಅಲ್ಲಿನ ಕೆಲವು ಪುಸ್ತಕಗಳು ವಾರ್ಸಾದ ಅಗಾದ್ ಪತ್ರಾಗಾರದಲ್ಲಿವೆ, ಕೆಲವು ಲ್ವಿವ್‌ನಂಥ ನಗರಗಳಲ್ಲೇ ಉಳಿದಿವೆ, ಕೆಲವು ಯುದ್ಧದಲ್ಲಿ ಸುಟ್ಟುಹೋಗಿವೆ. ಈ ನೆಲದವರಲ್ಲಿ ಕರ್ನಾಟಕಕ್ಕೆ ತೀರ ಹತ್ತಿರ ಬಂದು ಬದುಕಿದವರೂ ಇದ್ದಾರೆ. ಸೋವಿಯತ್ ಸರ್ಕಾರ 1940ರ ಸುಮಾರಿಗೆ ಗಡೀಪಾರು ಮಾಡಿದ ಕುಟುಂಬಗಳಲ್ಲಿ ಸುಮಾರು 5,000 ಜನ 1943ರಿಂದ 1948ರವರೆಗೆ ಕೊಲ್ಹಾಪುರದ ಪಕ್ಕದ ವಳಿವಡೆ ಶಿಬಿರದಲ್ಲಿದ್ದರು, ಬೆಳಗಾವಿಯಿಂದ ನೂರು ಚಿಲ್ಲರೆ ಕಿಲೋಮೀಟರ್ ದೂರದಲ್ಲಿ. ಅನಾಥ ಮಕ್ಕಳ ಇನ್ನೊಂದು ಶಿಬಿರ ಜಾಮ್‌ನಗರದ ಬಾಲಾಚಡಿಯಲ್ಲಿತ್ತು. ಅಂಥವರ ವಂಶಸ್ಥರಿಗೆ ಗಡೀಪಾರಾದವರ ಪೋಲಿಷ್ ಸೂಚಿ ಮತ್ತು ಲಂಡನ್ನಿನ ಸಿಕೋರ್ಸ್ಕಿ ಸಂಸ್ಥೆಯ ಪತ್ರಾಗಾರ ಎರಡೂ ಒಳ್ಳೆಯ ಆರಂಭ. ಜರ್ಮನಿಯ ನಿರಾಶ್ರಿತ ಶಿಬಿರಗಳಲ್ಲಿದ್ದವರಿಗೆ ಅರೋಲ್ಸನ್ ಪತ್ರಾಗಾರ.

ಎರಡನೇ ಕಂತೆ ವಲಸೆ ಹೋದ ದೇಶದಿಂದ ಬರಬೇಕು. ಅಮೆರಿಕದ ಉದಾಹರಣೆ ಹೇಳುವುದಾದರೆ, ಮೊದಲು ಜನಗಣತಿ ನೋಡಿ, ಅದಕ್ಕೆ ದುಡ್ಡಿಲ್ಲ. 1920, 1930ರ ಹಾಳೆಗಳಲ್ಲಿ ವಿದೇಶದಲ್ಲಿ ಹುಟ್ಟಿದವರ ಎದುರು ಎರಡಕ್ಷರ ಇರುತ್ತದೆ: "ಎನ್‌ಎ" ಎಂದರೆ ಪೌರತ್ವ ಸಿಕ್ಕಿದೆ, "ಪಿಎ" ಎಂದರೆ ಮೊದಲ ಅರ್ಜಿ ಮಾತ್ರ ಆಗಿದೆ, "ಎಎಲ್" ಎಂದರೆ ಇನ್ನೂ ವಿದೇಶಿ. "ಪಿಎ" ನೋಡಿ ಎದೆಗುಂದಬೇಡಿ. ಮೊದಲ ಅರ್ಜಿ ಕೇವಲ ಉದ್ದೇಶದ ಘೋಷಣೆ, ಅದರಿಂದ ಪೋಲೆಂಡ್ ಪೌರತ್ವ ಹೋಗುವುದಿಲ್ಲ. 1940ರಲ್ಲಿ 14 ವರ್ಷ ದಾಟಿದ ಎಲ್ಲ ವಿದೇಶಿಯರೂ ನೋಂದಣಿ ಮಾಡಿಸಬೇಕಿತ್ತು. ಆ ನಮೂನೆ ಸಿಕ್ಕರೆ ಆ ದಿನದವರೆಗೆ ಅವರು ಅಮೆರಿಕದ ಪ್ರಜೆಯಾಗಿರಲಿಲ್ಲ ಎಂಬುದಕ್ಕೆ ಅದಕ್ಕಿಂತ ಒಳ್ಳೆಯ ಸಾಕ್ಷಿ ಇಲ್ಲ. ಗಣತಿಯವರು ಮನೆಬಾಗಿಲಲ್ಲಿ ಕೇಳಿ ಬರೆದುಕೊಂಡದ್ದು ದಾರಿ ತೋರಲು ಮಾತ್ರ. ಕಡತಕ್ಕೆ ಬೇಕಾದದ್ದು ಪೌರತ್ವದ ಅಧಿಕೃತ ಪತ್ರ. ಪೌರತ್ವ ಪಡೆದೇ ಇಲ್ಲವಾದರೆ, ಹುಡುಕಿದರೂ ಅಂಥ ದಾಖಲೆ ಇಲ್ಲ ಎಂದು ವಲಸೆ ಇಲಾಖೆ ಕೊಡುವ ಪತ್ರ ಬೇಕು. ಅದಕ್ಕೆ ತಿಂಗಳುಗಟ್ಟಲೆ ಕಾಯಬೇಕು, ಆದ್ದರಿಂದ ಮೊದಲ ದಿನವೇ ಅರ್ಜಿ ಹಾಕಿ.

ಅಣ್ಣನೋ ಚಿಕ್ಕಪ್ಪನ ಮಗನೋ ಇದೇ ಪೂರ್ವಜರ ಮೂಲಕ ಈಗಾಗಲೇ ದೃಢೀಕರಣ ಪಡೆದಿದ್ದರೆ ಅರ್ಧ ಕೆಲಸ ಮುಗಿದ ಹಾಗೆ. ಅವರ ಆದೇಶದ ಸಂಖ್ಯೆ, ದಿನಾಂಕ, ಆದೇಶ ಕೊಟ್ಟ ಕಚೇರಿಯ ಹೆಸರನ್ನು ನಿಮ್ಮ ಅರ್ಜಿಯಲ್ಲಿ ಬರೆಯಿರಿ.

ಹಳೆಯ ಪುಟ ಓದುವುದು

ಪುಟ ತೆರೆದ ಕೂಡಲೇ ಅದು ಪೋಲಿಷ್‌ನಲ್ಲೇ ಇರುತ್ತದೆ ಎಂದುಕೊಳ್ಳಬೇಡಿ. ರಷ್ಯಾದ ಕೈಯಲ್ಲಿದ್ದ ಭಾಗದಲ್ಲಿ 1868ರಿಂದ ದಾಖಲೆ ಬರೆದದ್ದು ರಷ್ಯನ್‌ನಲ್ಲಿ, ಒಂದೇ ಉದ್ದ ಪ್ಯಾರಾದಲ್ಲಿ. ಗಲೀಷಿಯಾದ ಚರ್ಚ್ ಪುಸ್ತಕಗಳು ಲ್ಯಾಟಿನ್‌ನಲ್ಲಿ, ಕಾಲಂ ಎಳೆದು. ಪ್ರಷ್ಯಾದಲ್ಲಿ ಜರ್ಮನ್.

ರಷ್ಯನ್ ಪುಟದಲ್ಲಿ ಎರಡು ದಿನಾಂಕ ಇರುತ್ತವೆ: "1895ನೇ ಇಸವಿ ಮೇ 3/15" ಎಂಬಂತೆ. ಒಂದು ಹಳೆಯ ಜೂಲಿಯನ್ ಪಂಚಾಂಗದ್ದು, ಇನ್ನೊಂದು ಈಗಿನದು. 19ನೇ ಶತಮಾನದಲ್ಲಿ ವ್ಯತ್ಯಾಸ 12 ದಿನ, 1900ರ ಮಾರ್ಚ್ ನಂತರ 13. ವಲಸೆ ದಾಖಲೆಯಲ್ಲಿ ಅಜ್ಜ ಹುಟ್ಟಿದ್ದು ಮೇ 3 ಎಂದೂ ಪೋಲೆಂಡಿನ ಪತ್ರದಲ್ಲಿ ಮೇ 15 ಎಂದೂ ಇದ್ದರೆ ತಪ್ಪಾಗಿಲ್ಲ, ಇಬ್ಬರೂ ಒಂದೇ ದಿನವನ್ನು ಹೇಳುತ್ತಿದ್ದಾರೆ. ಈ ಮಾತನ್ನು ಅರ್ಜಿಯ ವಿವರಣೆಯಲ್ಲಿ ಒಂದು ಸಾಲಿನಲ್ಲಿ ಬರೆದುಬಿಡಿ. ಇನ್ನೊಂದು ಸಂಗತಿ, ಪ್ಯಾರಾದ ಮೊದಲ ಸಾಲಿನ ದಿನ ಮಗುವನ್ನು ಪಾದ್ರಿಯ ಮುಂದೆ ತಂದು ನೋಂದಾಯಿಸಿದ ದಿನ. ಹುಟ್ಟಿದ ದಿನ ಕೆಳಗೆ ಎಲ್ಲೋ ಇರುತ್ತದೆ, "ನಿನ್ನೆ", "ಈ ತಿಂಗಳ ಇಂತಿಷ್ಟನೇ ದಿನ" ಎಂಬ ರೂಪದಲ್ಲಿ.

ಹೆಸರು ಬದಲಾಗುವುದು ಸಾಮಾನ್ಯ. ವೊಯ್ಚೆಖ್ ಅಮೆರಿಕದಲ್ಲಿ ಆಲ್ಬರ್ಟ್ ಆಗುತ್ತಾನೆ, ಸ್ತಾನಿಸ್ವಾಫ್ ಸ್ಟಾನ್ಲಿ ಆಗುತ್ತಾನೆ. ಊರಿನ ಹೆಸರೂ ಅಷ್ಟೇ: ದೊಂಬ್ರೊವಾ, ನೊವಾ ವ್ಯೆಶ್ ಎಂಬ ಊರುಗಳು ನಮ್ಮ ಹೊಸಹಳ್ಳಿ, ಹೊಸೂರುಗಳಷ್ಟೇ ಇವೆ. ತಾಲ್ಲೂಕಿಗೆ ಸಮನಾದ ಪೊವ್ಯಾತ್ ಯಾವುದು ಎಂದು ತಿಳಿಯದೆ ಯಾವ ಕಚೇರಿಗೂ ಬರೆಯಬೇಡಿ. ಒಬ್ಬನೇ ವ್ಯಕ್ತಿ ಎಂದು ತೋರಿಸಲು ತಂದೆತಾಯಿಯ ಹೆಸರು, ತಾಯಿಯ ತವರಿನ ಮನೆತನದ ಹೆಸರು, ಹಡಗಿನ ಪಟ್ಟಿಯಲ್ಲಿರುವ ಹತ್ತಿರದ ಬಂಧುವಿನ ವಿಳಾಸ ಇವುಗಳನ್ನು ಸೇರಿಸಿ.

ಅಪೊಸ್ಟಿಲ್, ಭಾಷಾಂತರ, ನಕಲು

ಪೋಲೆಂಡಿನ ಹೊರಗಿನ ಸರ್ಕಾರಿ ಪತ್ರಗಳಿಗೆ ಆಯಾ ದೇಶದ ಅಪೊಸ್ಟಿಲ್, ಅಂದರೆ ಪತ್ರ ಅಸಲಿ ಎಂದು ಬೇರೆ ದೇಶಗಳಿಗೆ ಹೇಳುವ ಸರ್ಕಾರಿ ಮುದ್ರೆ, ಹಾಕಿಸಿ. ಭಾರತ, ಪೋಲೆಂಡ್ ಎರಡೂ 2005ರಿಂದ ಇದಕ್ಕೆ ಸಂಬಂಧಿಸಿದ ಅಂತರರಾಷ್ಟ್ರೀಯ ಒಪ್ಪಂದದಲ್ಲಿವೆ. ಭಾರತದ ಜನನ ಪತ್ರವಾದರೆ ಮೊದಲು ರಾಜ್ಯ ಸರ್ಕಾರದ ದೃಢೀಕರಣ, ಆಮೇಲೆ ವಿದೇಶಾಂಗ ಸಚಿವಾಲಯದ ಅಪೊಸ್ಟಿಲ್. ಅಪೊಸ್ಟಿಲ್ ಹಾಕಿಸಿದ ಮೇಲೆಯೇ ಭಾಷಾಂತರಕ್ಕೆ ಕೊಡಿ, ಯಾಕೆಂದರೆ ಅದರ ಮೇಲಿನ ಬರಹವನ್ನೂ ಭಾಷಾಂತರಿಸಬೇಕು. ಕ್ರಮ ತಲೆಕೆಳಗಾದರೆ ಎರಡು ಸಲ ದುಡ್ಡು ಕೊಡಬೇಕಾಗುತ್ತದೆ.

ಭಾಷಾಂತರ ಪೋಲೆಂಡಿನಲ್ಲಿ ಪ್ರಮಾಣವಚನ ಸ್ವೀಕರಿಸಿದ ಭಾಷಾಂತರಕಾರರದ್ದೇ ಆಗಿರಬೇಕು, ಇಲ್ಲವೇ ಪೋಲೆಂಡಿನ ಕಾನ್ಸುಲ್ ದೃಢೀಕರಿಸಿದ್ದಾಗಿರಬೇಕು. ಅಂಥವರ ಪಟ್ಟಿ ಅಲ್ಲಿನ ನ್ಯಾಯ ಸಚಿವಾಲಯದ ಜಾಲತಾಣದಲ್ಲಿದೆ. ಊರಿನ ನೋಟರಿ ಸಹಿ ಮಾಡಿದ ಭಾಷಾಂತರ ನಡೆಯುವುದಿಲ್ಲ. ಒಬ್ಬರಿಂದಲೇ ಎಲ್ಲವನ್ನೂ ಮಾಡಿಸಿದರೆ ಹೆಸರುಗಳ ಕಾಗುಣಿತ ಒಂದೇ ರೀತಿ ಬರುತ್ತದೆ. ಮೂಲ ಪಾಸ್‌ಪೋರ್ಟ್, ಸೇನಾ ಪುಸ್ತಕದಂಥ ಮತ್ತೆ ಸಿಗದ ವಸ್ತುಗಳನ್ನು ಅಂಚೆಯಲ್ಲಿ ಕಳಿಸಬೇಡಿ. ಕಾನ್ಸುಲ್ ಅಥವಾ ಪೋಲೆಂಡಿನ ನೋಟರಿಯಿಂದ ದೃಢೀಕೃತ ನಕಲು ಮಾಡಿಸಿ, ಮೂಲ ಮನೆಯಲ್ಲಿರಲಿ.

ಅರ್ಜಿ

ಅರ್ಜಿ ನಮೂನೆ ಉದ್ದವಾಗಿದೆ, ಪೋಲಿಷ್‌ನಲ್ಲೇ ತುಂಬಬೇಕು. ನಿಮ್ಮ ವಿವರ, ತಂದೆತಾಯಿ, ಎರಡೂ ಕಡೆಯ ಅಜ್ಜ ಅಜ್ಜಿಯರು, ಬೇಕಾದರೆ ಮುತ್ತಜ್ಜಂದಿರು, ಪ್ರತಿಯೊಬ್ಬರ ಪೌರತ್ವ ಮತ್ತು ಸೇನೆಯ ವಿವರ ಕೇಳುತ್ತಾರೆ. ಜೀವನ ಚರಿತ್ರೆ ಬರೆಯುವ ಜಾಗವೂ ಇದೆ. ಅಲ್ಲಿ ಭಾವನೆ ಬೇಡ. ಯಾವ ದಿನ ಯಾವ ಊರಿನಿಂದ ಹೊರಟರು, ಯಾವ ದಿನ ಯಾವ ದಾಖಲೆ ಪಡೆದರು ಎಂದು ದಿನಾಂಕದ ಕ್ರಮದಲ್ಲಿ ಬರೆದು, ಪ್ರತಿ ಮಾತಿನ ಮುಂದೆ ಲಗತ್ತಿನ ಸಂಖ್ಯೆ ಹಾಕಿ. ನಿಮ್ಮ ಮೊದಲ ಹಾಳೆ ಇಲ್ಲಿ ನೇರವಾಗಿ ಉಪಯೋಗಕ್ಕೆ ಬರುತ್ತದೆ. ಗೊತ್ತಿಲ್ಲದ್ದಕ್ಕೆ "ಮಾಹಿತಿ ಇಲ್ಲ" ಎಂದೇ ಬರೆಯಿರಿ. ಊಹಿಸಿ ಬರೆದ ದಿನಾಂಕ ಮುಂದೆ ದಾಖಲೆಯೊಂದಿಗೆ ತಾಳೆಯಾಗದಿದ್ದರೆ ಇಡೀ ಕಡತದ ಮೇಲೆ ಅನುಮಾನ ಬರುತ್ತದೆ.

ತೀರ್ಮಾನಿಸುವವರು ಪ್ರಾಂತ್ಯದ ಮುಖ್ಯಾಧಿಕಾರಿ ವೊಯೆವೋಡಾ. ಅರ್ಜಿದಾರರು ಹಿಂದೆ ಪೋಲೆಂಡಿನಲ್ಲಿ ವಾಸಿಸಿದ್ದರೆ ಆ ಪ್ರಾಂತ್ಯದವರು, ಎಂದೂ ವಾಸಿಸಿಲ್ಲದಿದ್ದರೆ ವಾರ್ಸಾದ ಮಜೋವಿಯಾ ವೊಯೆವೋಡಾ. ವಿದೇಶದಲ್ಲಿರುವವರು ತಮ್ಮ ಭಾಗದ ಪೋಲಿಷ್ ಕಾನ್ಸುಲ್ ಮೂಲಕ ಸಲ್ಲಿಸಬಹುದು; ಭಾರತದಲ್ಲಿ ದೆಹಲಿಯ ರಾಯಭಾರ ಕಚೇರಿ ಮತ್ತು ಮುಂಬೈಯ ಕಾನ್ಸುಲೇಟ್ ಇವೆ. ಇಲ್ಲವೇ ಪೋಲೆಂಡಿನಲ್ಲಿರುವ ಪ್ರತಿನಿಧಿಗೆ ಅಧಿಕಾರಪತ್ರ ಕೊಟ್ಟು ನೇರವಾಗಿ ಹಾಕಬಹುದು. ನೇರವಾಗಿ ಹಾಕಿದರೆ ದೃಢೀಕರಣಕ್ಕೆ ಮುದ್ರಾಂಕ ಶುಲ್ಕವಿದೆ, ಅಧಿಕಾರಪತ್ರಕ್ಕೆ 17 ಜ್ವೋತಿ (ಜ್ವೋತಿ ಪೋಲೆಂಡಿನ ನಾಣ್ಯ). ಕಾನ್ಸುಲ್ ಮೂಲಕವಾದರೆ ಶುಲ್ಕ ಬೇರೆ, ಹೆಚ್ಚು. ವಯಸ್ಕರು ತಲಾ ಒಂದೊಂದು ಅರ್ಜಿ ಹಾಕಬೇಕು. ಮಕ್ಕಳ ಪರವಾಗಿ ತಂದೆತಾಯಿ.

ಕಾಗದದಲ್ಲಿ ಅವಧಿ ಒಂದೆರಡು ತಿಂಗಳು. ವಾಸ್ತವದಲ್ಲಿ ವರ್ಷ ದಾಟುವುದು ಸಾಮಾನ್ಯ. ನಡುವೆ ಹೆಚ್ಚಿನ ದಾಖಲೆ ಕೇಳಿ ಪತ್ರ ಬರಬಹುದು. ಅದು ತಿರಸ್ಕಾರವಲ್ಲ, ಆದರೆ ಅದರಲ್ಲಿ ಗಡುವು ಇರುತ್ತದೆ. ದಾಖಲೆ ತಡವಾಗುವುದಾದರೆ ಗಡುವು ಮುಗಿಯುವ ಮುಂಚೆಯೇ, ಯಾವ ಕಚೇರಿಗೆ ಯಾವ ದಿನ ಬರೆದಿದ್ದೀರಿ ಎಂಬ ರಸೀದಿ ಸಮೇತ ಸಮಯ ಕೇಳಿ.

ತಿರಸ್ಕಾರವಾದರೆ ಆದೇಶ ಕೈಸೇರಿದ ದಿನದಿಂದ 14 ದಿನದೊಳಗೆ ಗೃಹ ಸಚಿವರಿಗೆ ಮೇಲ್ಮನವಿ, ಅದೇ ವೊಯೆವೋಡಾ ಮೂಲಕ. ಅಲ್ಲೂ ಸೋತರೆ 30 ದಿನದೊಳಗೆ ವಾರ್ಸಾದ ಆಡಳಿತ ನ್ಯಾಯಾಲಯ, ಅದರ ಮೇಲೆ ಸರ್ವೋಚ್ಚ ಆಡಳಿತ ನ್ಯಾಯಾಲಯ. 14 ದಿನ ಅಂದರೆ ಆದೇಶ ಭಾಷಾಂತರಿಸಿ ಓದುವುದರಲ್ಲೇ ಅರ್ಧ ಕಳೆದುಹೋಗುತ್ತದೆ. ಹಾಗಾಗಿ ಮೊದಲು ಕೊನೆಯ ಪುಟದ ತಿರಸ್ಕಾರದ ಕಾರಣವನ್ನಷ್ಟೇ ಓದಿಸಿಕೊಳ್ಳಿ. ಪುರಾವೆ ಸಾಲದೆಂದು ನಿರಾಕರಿಸಿದ್ದರೆ ಹೊಸ ದಾಖಲೆ ಹುಡುಕಬೇಕು. ಕಾನೂನಿನ ಅರ್ಥ ಬೇರೆಯಾಗಿ ಮಾಡಿದ್ದರೆ ವಕೀಲರು ಬೇಕು.

ಆದೇಶ ಬಂದ ಮೇಲೆ

ಆದೇಶವೇ ಪಾಸ್‌ಪೋರ್ಟ್ ಅಲ್ಲ. ನಿಮ್ಮ ಜನನ ಪತ್ರವನ್ನು, ಮದುವೆಯಾಗಿದ್ದರೆ ವಿವಾಹ ಪತ್ರವನ್ನು ಪೋಲೆಂಡಿನ ಯಾವುದಾದರೊಂದು ನಾಗರಿಕ ನೋಂದಣಿ ಕಚೇರಿಯಲ್ಲಿ ದಾಖಲಿಸಬೇಕು. ಒಂದೊಂದಕ್ಕೆ 50 ಜ್ವೋತಿ. ಆಮೇಲೆ ಕಾನ್ಸುಲೇಟಿಗೆ ಖುದ್ದಾಗಿ ಹೋಗಿ ಪಾಸ್‌ಪೋರ್ಟಿಗೆ ಅರ್ಜಿ ಹಾಕಿ, ಬೆರಳಚ್ಚು ಕೊಡಿ. ಪೆಸೆಲ್ ಎಂಬ ಗುರುತಿನ ಸಂಖ್ಯೆ ಆಗಲೇ ಸಿಗುತ್ತದೆ. ವಯಸ್ಕರ ಪಾಸ್‌ಪೋರ್ಟ್ 10 ವರ್ಷ, 12ಕ್ಕಿಂತ ಚಿಕ್ಕ ಮಕ್ಕಳದ್ದು 5 ವರ್ಷ.

ಕೊಂಡಿ ಕಳಚಿದೆ ಎಂದು ಖಚಿತವಾದರೆ ಬೇರೆ ದಾರಿಗಳಿವೆ. ತಾವೇ 1999ಕ್ಕೆ ಮುಂಚೆ ಪೌರತ್ವ ಕಳೆದುಕೊಂಡವರು ಮರಳಿ ಕೊಡುವಂತೆ ಗೃಹ ಸಚಿವರನ್ನು ಕೇಳಬಹುದು, ಆದರೆ ಅದು ಅವರಿಗೆ ಮಾತ್ರ, ಮಕ್ಕಳಿಗೆ ಇಳಿಯುವುದಿಲ್ಲ. ರಾಷ್ಟ್ರಪತಿ ಯಾರಿಗಾದರೂ ಪೌರತ್ವ ನೀಡಬಹುದು. ಕಾರ್ತಾ ಪೊಲಾಕಾ ಎಂಬ ಪೋಲಿಷ್ ಮೂಲದವರ ಕಾರ್ಡು 2019ರಿಂದ ಎಲ್ಲ ದೇಶದವರಿಗೂ ತೆರೆದಿದೆ. ಅದಕ್ಕೆ ಸ್ವಲ್ಪ ಭಾಷೆ ಬರಬೇಕು. ಅದು ಪೌರತ್ವವಲ್ಲ, ಅಲ್ಲಿ ನೆಲೆಸಲು ಅನುಕೂಲ.

ಕನ್ನಡದ ಮನೆಗಳಿಗೆ

ಪೋಲೆಂಡಿನವರನ್ನು ಮದುವೆಯಾದ ಕನ್ನಡಿಗರ ಮಕ್ಕಳ ವಿಷಯ ಮೇಲೆ ಹೇಳಿದ್ದಕ್ಕಿಂತ ಸುಲಭ. ತಾಯಿ ಅಥವಾ ತಂದೆಯ ಬಳಿ ಚಾಲ್ತಿಯಲ್ಲಿರುವ ಪೋಲಿಷ್ ಪಾಸ್‌ಪೋರ್ಟ್ ಇದ್ದರೆ ಮಗು ಹುಟ್ಟಿನಿಂದಲೇ ಪ್ರಜೆ. ಸಾಮಾನ್ಯವಾಗಿ ದೃಢೀಕರಣದ ಕಡತವೇ ಬೇಡ. ಜನನ ಪತ್ರ ಅಲ್ಲಿ ದಾಖಲಿಸಿ ಪಾಸ್‌ಪೋರ್ಟಿಗೆ ಹೋಗಬಹುದು. ಗಂಡ ಅಥವಾ ಹೆಂಡತಿಗೆ ಮದುವೆಯ ಮಾತ್ರಕ್ಕೆ ಏನೂ ಬರುವುದಿಲ್ಲ.

ಇಲ್ಲಿ ಕಾಡುವುದು ನಮ್ಮ ಹೆಸರುಗಳು. ಜನನ ಪತ್ರದಲ್ಲಿ ತಂದೆಯ ಹೆಸರು "ಕೆ. ಎಸ್. ಮಂಜುನಾಥ", ಪಾಸ್‌ಪೋರ್ಟಿನಲ್ಲಿ ಇನಿಷಿಯಲ್ ಬಿಡಿಸಿ ಬರೆದದ್ದು, ವಿವಾಹ ಪತ್ರದಲ್ಲಿ ಬರೀ "ಮಂಜುನಾಥ". ಪೋಲೆಂಡಿನ ನೋಂದಣಿಗೆ ಕೊಟ್ಟ ಹೆಸರು, ಮನೆತನದ ಹೆಸರು ಎರಡು ಬೇರೆ ಕಾಲಂ ಇರುತ್ತದೆ, ಪತ್ರದಲ್ಲಿ ಇರುವಂತೆಯೇ ಅವರು ಎತ್ತಿಕೊಳ್ಳುತ್ತಾರೆ. ಮಗುವಿನ ಪತ್ರದಲ್ಲಿ ಉಪನಾಮವೇ ಇಲ್ಲದಿದ್ದರೆ ಅಲ್ಲಿ ಸಿಕ್ಕಿಬೀಳುತ್ತದೆ. ಅಪೊಸ್ಟಿಲ್ ಮಾಡಿಸುವ ಮುಂಚೆ ನಗರಸಭೆ ಅಥವಾ ಪಾಲಿಕೆಯ ಜನನ ನೋಂದಣಿಯಲ್ಲೇ ತಿದ್ದುಪಡಿ ಮಾಡಿಸಿ, ಹೊಸ ಪ್ರತಿ ತೆಗೆಸಿ.

ಇನ್ನೊಂದು ವಿಷಯ ಸಹಿ ಹಾಕುವ ಮುಂಚೆ ಯೋಚಿಸಬೇಕಾದದ್ದು. ಪೋಲೆಂಡ್ ಎರಡು ಪೌರತ್ವಕ್ಕೆ ಅಡ್ಡಿ ಮಾಡುವುದಿಲ್ಲ, ಭಾರತ ಒಪ್ಪುವುದಿಲ್ಲ. ನಮ್ಮ 1955ರ ಪೌರತ್ವ ಕಾಯ್ದೆಯ 9ನೇ ಕಲಂ ಪ್ರಕಾರ ಸ್ವಇಚ್ಛೆಯಿಂದ ಬೇರೆ ಪೌರತ್ವ ಪಡೆದವರು ಭಾರತೀಯರಾಗಿ ಉಳಿಯುವುದಿಲ್ಲ, ವಿದೇಶಿ ಪಾಸ್‌ಪೋರ್ಟ್ ಪಡೆದದ್ದನ್ನೇ ಅದಕ್ಕೆ ನಿರ್ಣಾಯಕ ಸಾಕ್ಷಿಯೆಂದು ನಿಯಮ ಪರಿಗಣಿಸುತ್ತದೆ. "ನನಗಿದು ಹುಟ್ಟಿನಿಂದಲೇ ಇತ್ತು, ಹೊಸದಾಗಿ ಪಡೆದಿಲ್ಲ" ಎಂಬ ವಾದ ಪಾಸ್‌ಪೋರ್ಟ್ ಕೈಗೆ ಬಂದ ಮೇಲೆ ನಿಲ್ಲುವುದು ಕಷ್ಟ. ಪೋಲೆಂಡಿನ ಪಾಸ್‌ಪೋರ್ಟ್ ಬಂದ ಕೂಡಲೇ ಭಾರತದ್ದನ್ನು ಒಪ್ಪಿಸಿ, ಒಸಿಐ (ಸಾಗರೋತ್ತರ ಭಾರತೀಯ) ಕಾರ್ಡಿಗೆ ಅರ್ಜಿ ಹಾಕಬೇಕು. ಮಗುವಿಗೆ ಎರಡೂ ಪಾಸ್‌ಪೋರ್ಟ್ ಇಟ್ಟುಕೊಂಡು ಓಡಾಡಿಸಬಾರದು. ತಂದೆತಾಯಿಯಲ್ಲಿ ಒಬ್ಬರು ಭಾರತೀಯರಾಗಿದ್ದರೆ ಅಪ್ರಾಪ್ತ ಮಗುವಿಗೂ ಒಸಿಐ ಸಿಗುತ್ತದೆ. ಒಸಿಐ ಹೊಂದಿದವರು ಕೃಷಿಭೂಮಿ ಕೊಳ್ಳುವಂತಿಲ್ಲ, ಮತ ಹಾಕುವಂತಿಲ್ಲ. ಊರಿನಲ್ಲಿ ಜಮೀನು ಕೊಳ್ಳುವ ಮಾತುಕತೆ ನಡೆಯುತ್ತಿದ್ದರೆ, ವೊಯೆವೋಡಾಗೆ ಅರ್ಜಿ ಹಾಕುವುದಕ್ಕಿಂತ ಮೊದಲು ಊರಿನ ವಕೀಲರ ಹತ್ತಿರ ಒಮ್ಮೆ ಕೂತು ಬನ್ನಿ.